ಮನೆಮದ್ದು ಮತ್ತು ಮನೆಮಾತು
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಪತ್ರ ಬರೆದಾಗ, ಪಂಪನನ್ನು ಕುರಿತೋ ಕುಮಾರವ್ಯಾಸನನ್ನು ಕುರಿತೋ ಹೇಳಬೇಕಾದೀತೆಂದು ನಾನು ಭಾವಿಸಿದ್ದೆ. ಪತ್ರದ ಕೊನೆಯ ಸಾಲನ್ನು ಓದಿದಾಗ ನನಗೆ ನಗುವೂ ಬಂದಿತು, ಸ್ವಲ್ಪ ನಾಚಿಕೆಯೂ ಆಯಿತು. ಮೈಚರ್ಮ ಕೆಂಪೇರಿ ಉರಿ, ನವೆ ಉಂಟಾದಾಗ ಮನೆಯಲ್ಲಿಯೇ ಮಾಡಬಹುದಾದ ಉಪಚಾರಗಳನ್ನು ಕುರಿತು ಹೇಳಿದರೆ ತಾಯಂದಿರಿಗೆ ಉಪಯೋಗವಾದೀತು ಎಂದು ಅವರು ಬರೆದಿದ್ದರು. ಕನ್ನಡ ಪಂಡಿತನಿಗೂ ವೈದ್ಯಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧವಿಲ್ಲ. ಆದರೆ ಈ ಕಣಿವೆಯಲ್ಲಿ ನಾನು ಒಮ್ಮೆ ಮಾಡಿದ ಒಂದು ತಪ್ಪು ಕಾರ್ಯದರ್ಶಿಗಳಿಗೆ ಗೊತ್ತಿದೆ. ಆ ತಪ್ಪನ್ನು ನನ್ನ ಬಾಯಿಂದಲೇ ಹೇಳಿಸಬೇಕೆಂಬುದು ಅವರ ಇಚ್ಛೆಯಿದ್ದಂತೆ ತೋರುತ್ತದೆ. ಆಗಲಿ, ಹೇಳುತ್ತೇನೆ. ನಾನು ವೈದ್ಯನಲ್ಲ. ಇಲ್ಲಿ ಹೇಳುವುದೆಲ್ಲ ವೈದ್ಯರಿಂದಲೂ ಹಿರಿಯರಿಂದಲೂ ಕೇಳಿ ತಿಳಿದದ್ದು ಎಂಬುದನ್ನು ಮೊದಲೇ ಅರಿಕೆಮಾಡಿಕೊಳ್ಳುತ್ತೇನೆ.

ಈ ಸೀಮೆಗೂ ಕನ್ನಡಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. 1755ರಲ್ಲಿ ಹೈದರ್ ಅಲಿಯು ದಿಂಡಿಗಲ್ಲಿನ ಫೌಜುದಾರನಾಗಿ ಬಂದನು. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಈ ಸೀಮೆ ಇಂಗ್ಲಿಷರ ವಶವಾಯಿತು. ಆದರೆ ಮೈಸೂರಿನ ಸೈನ್ಯ ಬರುವುದಕ್ಕೆ ಬಹಳ ಮೊದಲೇ ಇಲ್ಲಿಗೆ ಬಂದು ನೆಲ ಉತ್ತವರು, ಮಗ್ಗ ಹೂಡಿದವರು, ಕುರಿ ಕಾಯ್ದವರು ನಮ್ಮ ಮನೆತನಗಳ ಹಿರಿಯರು ಎಂಬ ಹೇಳಿಕೆ ಕಂಬಂ, ತೇನಿ, ದಿಂಡಿಗಲ್ಲಿನ ಕನ್ನಡದ ಮನೆಗಳಲ್ಲಿ ಇಂದಿಗೂ ಉಂಟು. ಬರೆಯುವ ಲಿಪಿ ಮರೆತರೂ ಮಾತು ಮರೆಯದ ಜನ ಇವರು. ಆ ಮಾತು ಅಡುಗೆಯ ಮನೆಯಲ್ಲಿ, ಬಾಣಂತಿಯ ಕೋಣೆಯಲ್ಲಿ, ಮಗುವಿಗೆ ಎಣ್ಣೆ ತಿಕ್ಕುವ ಹಿತ್ತಿಲಿನಲ್ಲಿ ಉಳಿದುಕೊಂಡಿತು. ಆದುದರಿಂದ ಮನೆಮದ್ದಿನ ಮಾತೆತ್ತಿದರೆ ಮನೆಮಾತಿನ ಮಾತನ್ನೂ ಎತ್ತಿದಂತೆಯೇ ಆಗುತ್ತದೆ.

ಇನ್ನು ನನ್ನ ತಪ್ಪಿನ ಕಥೆ. ನನ್ನ ಅಕ್ಕನನ್ನು ಕಂಬಂ ಕಣಿವೆಯ ಒಂದು ಕನ್ನಡದ ಮನೆಗೆ ಕೊಟ್ಟಿದೆ. ಕೆಲವು ವರ್ಷಗಳ ಹಿಂದೆ ಬೇಸಗೆಯ ರಜೆಯಲ್ಲಿ ಮಗನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಹುಡುಗ ದಿನವಿಡೀ ದ್ರಾಕ್ಷಿಯ ಚಪ್ಪರದ ಕೆಳಗೆ ಆಡಿದ. ಸಂಜೆಯ ಹೊತ್ತಿಗೆ ಕುತ್ತಿಗೆಯೂ ಮುಂಗೈಗಳೂ ಕೆಂಪಾಗಿ, ನವೆಯೆಂದು ಕೆರೆದುಕೊಳ್ಳುತ್ತ ಬಂದ. ಅಕ್ಕನ ಅತ್ತೆಯವರು ಒಳಗಿನಿಂದಲೇ, “ಹಿತ್ತಲಲ್ಲಿ ಕತ್ತಾಳೆ ಅದೆ, ತಂದು ಹಚ್ಚಪ್ಪಾ, ತಂಪಾಗುತ್ತೆ” ಎಂದರು. ನಾನು ನಿಘಂಟು ಓದಿದವನಲ್ಲವೆ? ಕತ್ತಾಳೆಯೆಂದರೆ ಹೊಲದ ಬೇಲಿಗೆ ಹಾಕುವ, ನಾರು ತೆಗೆಯುವ, ತುದಿಯಲ್ಲಿ ಮುಳ್ಳಿರುವ ದೊಡ್ಡ ಗಿಡವೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಬೇಲಿಯಲ್ಲಿ ಅಂಥ ಗಿಡ ಇದ್ದಿತು ಕೂಡ. ಒಂದು ಎಲೆಯನ್ನು ಕಡಿದು, ಜಜ್ಜಿ, ರಸವನ್ನು ಮಗುವಿನ ಕುತ್ತಿಗೆಗೆ ಚೆನ್ನಾಗಿ ತಿಕ್ಕಿದೆ.

ಮಗು ಕಿರುಚಿದ ಕಿರುಚಾಟ ಇಂದಿಗೂ ನನ್ನ ಕಿವಿಯಲ್ಲಿದೆ. ನೋಡನೋಡುತ್ತ ಕುತ್ತಿಗೆ ಬೆಂಕಿಯಂತೆ ಕೆಂಪಾಯಿತು, ಸಣ್ಣ ಗುಳ್ಳೆಗಳೆದ್ದವು. ಅತ್ತೆಯವರು ಓಡಿಬಂದು ನನ್ನ ಕೈಯಲ್ಲಿದ್ದ ಎಲೆಯನ್ನು ನೋಡಿದರು. ಒಂದು ಮಾತೂ ಆಡದೆ ಹುಡುಗನನ್ನು ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗೆ ಬಹಳ ಹೊತ್ತು ನೀರು ಹರಿಸಿದರು. ಆಮೇಲೆ ತಣ್ಣೀರಿನಲ್ಲಿ ನೆನೆಸಿದ ಹಳೆಯ ಹತ್ತಿಯ ಬಟ್ಟೆಯನ್ನು ಕುತ್ತಿಗೆಗೆ ಹೊದಿಸಿದರು. ಮಗು ಬಿಕ್ಕುತ್ತ ಬಿಕ್ಕುತ್ತ ಮಲಗಿದ ಮೇಲೆ ನನ್ನ ಕಡೆ ತಿರುಗಿ, “ಅಪ್ಪಾ, ನೀನು ಓದಿದವನು. ಯಾವ ಗಿಡ ಅಂತ ಒಂದು ಮಾತು ಕೇಳಬಾರದಾಗಿತ್ತೆ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಆರೋಗ್ಯ ಕೇಂದ್ರದ ವೈದ್ಯರು ಕಾರಣವನ್ನು ವಿವರಿಸಿದರು. ಬೇಲಿಯ ಕತ್ತಾಳೆ ಮೆಕ್ಸಿಕೋ ದೇಶದಿಂದ ಬಂದ ಗಿಡ. ಅದರ ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣವು ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳ ರೂಪದಲ್ಲಿರುತ್ತದೆ. ತಿಕ್ಕಿದಷ್ಟೂ ಆ ಸೂಜಿಗಳು ಚರ್ಮದೊಳಕ್ಕೆ ನಾಟುತ್ತವೆ. ಮೆಕ್ಸಿಕೋದಲ್ಲಿ ಇದೇ ಜಾತಿಯ ಗಿಡವನ್ನು ಬೆಳೆದು ಮದ್ಯ ತಯಾರಿಸುವ ಕಡೆ, ಕೂಲಿಗಳ ಕೈಗಳಲ್ಲಿ ಏಳುವ ಗುಳ್ಳೆಗಳಿಗೆ ಈ ಸೂಜಿಗಳೇ ಕಾರಣವೆಂದು 2001ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ನಮ್ಮ ತಾಯಂದಿರಿಗೆ ಈ ಸೂಜಿಯ ಪರಿಚಯ ಬೇರೊಂದು ಕಡೆ ಉಂಟು. ಸುವರ್ಣಗೆಡ್ಡೆಯನ್ನೋ ಕೆಸುವಿನ ಎಲೆಯನ್ನೋ ಹೆಚ್ಚುವಾಗ ಕೈ ನವೆಯಾಗುವುದು ಅದರಿಂದಲೇ.

ಅತ್ತೆಯವರು ಹೇಳಿದ್ದು ಬೇರೆಯ ಗಿಡ. ನಾವು ಲೋಳೆಸರವೆಂದು ಕರೆಯುವುದನ್ನು, ಸಂಸ್ಕೃತದವರು ಕುಮಾರಿಯೆಂದು ಕರೆಯುವುದನ್ನು, ತಮಿಳಿನವರು ಸೋತ್ತುಕ್ಕತ್ತಾಳೈ ಎನ್ನುತ್ತಾರೆ. ಬೇಲಿಯ ಗಿಡವನ್ನು ಆನೈಕ್ಕತ್ತಾಳೈ ಎನ್ನುತ್ತಾರೆ. ಆ ಭಾಷೆಯಲ್ಲಿ ಮುಂದಿನ ಪದ ಎರಡನ್ನೂ ಬೇರ್ಪಡಿಸುತ್ತದೆ. ಮನೆಮಾತಿನಲ್ಲಿ ಆ ಮುಂದಿನ ಪದ ಉದುರಿಹೋಗಿ ಬರಿಯ ಕತ್ತಾಳೆ ಉಳಿಯಿತು. ಅತ್ತೆಯವರ ಕನ್ನಡದಲ್ಲಿ ತಪ್ಪಿರಲಿಲ್ಲ. ನನ್ನ ಕನ್ನಡದಲ್ಲಿಯೂ ತಪ್ಪಿರಲಿಲ್ಲ. ಪದ ಒಂದು, ಗಿಡ ಎರಡು. ನಡುವೆ ಸಿಕ್ಕಿಬಿದ್ದದ್ದು ಮಗುವಿನ ಕುತ್ತಿಗೆ. ಗಡಿಯಲ್ಲಿ ಬಾಳುವವರು ಇಂಥ ಪದಗಳ ಬಗ್ಗೆ ಎಚ್ಚರವಾಗಿರಬೇಕು.

ಇಂಥದೇ ಇನ್ನೊಂದು ಪದ ಅಕ್ಕಿ. ಮೈಸೂರಿನ ಕಡೆಯಿಂದ ಬಂದ ಸೊಸೆಗೆ ನೆರೆಮನೆಯವರು “ಮಾವನಿಗೆ ಅಕ್ಕಿ ಬಂದಿದೆ” ಎಂದರೆ, ಅಂಗಡಿಯಿಂದ ಮೂಟೆ ಬಂದಿರಬೇಕೆಂದು ಅವಳು ತಿಳಿದಾಳು. ತಮಿಳಿನಲ್ಲಿ ಅಕ್ಕಿಯೆಂದರೆ ನಮ್ಮ ಸರ್ಪಸುತ್ತು. ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಕೆಂಪು ಗುಳ್ಳೆಗಳೆದ್ದು ಬೆಂಕಿಯಿಟ್ಟಂತೆ ಉರಿಯುವ ರೋಗ. ಕುಂಬಾರರ ಮನೆಗೆ ಹೋಗಿ ಕಾವಿಯಿಂದ ಅದರ ಮೇಲೆ ಬರೆಸಿಕೊಳ್ಳುವ ಪದ್ಧತಿ ಈ ಸೀಮೆಯಲ್ಲಿ ಉಂಟು. ನಮ್ಮ ಕಡೆಯೂ ಕೆಮ್ಮಣ್ಣು ಹಚ್ಚುವುದುಂಟು. ಮಣ್ಣು ಒಂದು ಗಳಿಗೆ ತಂಪು ಕೊಟ್ಟೀತು. ಆದರೆ ಇದು ಎಳೆತನದಲ್ಲಿ ಬಂದುಹೋದ ಸಿಡುಬಿನಂಥ ಗುಳ್ಳೆಯಮ್ಮನ ವಿಷಾಣು ನರದಲ್ಲಿ ಅಡಗಿದ್ದು ಮತ್ತೆ ತಲೆಯೆತ್ತುವುದು. ಗುಳ್ಳೆ ಕಂಡ 72 ಗಂಟೆಗಳೊಳಗೆ ವೈದ್ಯರ ಔಷಧ ಆರಂಭವಾದರೆ ಫಲ ಹೆಚ್ಚು. ಕುಂಬಾರರ ಮನೆಗೆ ಹೋಗಿ, ಒಂದು ವಾರ ಕಾದು, ಆಮೇಲೆ ಆಸ್ಪತ್ರೆಗೆ ಹೋದರೆ ಆ ಹೊತ್ತು ಕಳೆದಿರುತ್ತದೆ. ವಯಸ್ಸಾದವರಲ್ಲಿ ಗುಳ್ಳೆ ಮಾಯ್ದ ಮೇಲೂ ನರದ ನೋವು ತಿಂಗಳುಗಟ್ಟಲೆ ಉಳಿಯುವುದುಂಟು. ಹಣೆಯ ಮೇಲೆ, ಕಣ್ಣಿನ ಬಳಿ ಎದ್ದರಂತೂ ಒಂದು ದಿನವೂ ತಡಮಾಡಬಾರದು.

ಮಹಾಶಯರೆ, ಕನ್ನಡದಲ್ಲಿ ಚರ್ಮದ ತೊಂದರೆಗೆ ಎಷ್ಟು ಹೆಸರುಗಳಿವೆ ನೋಡಿ: ಬೆವರುಸಾಲೆ, ಗಂಧೆ, ಹುಳುಕಡ್ಡಿ, ಕಜ್ಜಿ, ಇಸಬು, ಚಿಬ್ಬು, ಸರ್ಪಸುತ್ತು, ಕೆಸರುಹುಣ್ಣು. ಇಂದಿನ ಮಕ್ಕಳು ಎಲ್ಲಕ್ಕೂ ಒಂದೇ ಮಾತು ಹೇಳುತ್ತಾರೆ: ಅಲರ್ಜಿ. ಹೆಸರು ಒಂದಾದರೆ ಮದ್ದೂ ಒಂದಾಗುತ್ತದೆ, ಅಲ್ಲಿಯೇ ಅಪಾಯ. ನಮ್ಮ ಅಜ್ಜಿಯರು ಹೆಸರಿನಿಂದಲೇ ಅರ್ಧ ರೋಗವನ್ನು ಗುರುತಿಸುತ್ತಿದ್ದರು.

ಬೆವರುಸಾಲೆ ಬೇಸಗೆಯದು. ಬೆವರು ಹೊರಬರುವ ಸಣ್ಣ ನಾಳಗಳು ಮುಚ್ಚಿಕೊಂಡು ಏಳುವ ಗುಳ್ಳೆ. ಇದಕ್ಕೆ ಎಣ್ಣೆ ಹಚ್ಚಬಾರದು. ಮುಚ್ಚಿದ ನಾಳ ಮತ್ತಷ್ಟು ಮುಚ್ಚುತ್ತದೆ. ತಣ್ಣೀರಿನ ಸ್ನಾನ, ಗಾಳಿ, ಚಿನ್ನಾಳಪಟ್ಟಿಯ ಸುಂಗುಡಿಯಂಥ ತೆಳುವಾದ ಸಡಿಲ ಹತ್ತಿಬಟ್ಟೆ, ಇವೇ ಮದ್ದು. ತಾಟಿನುಂಗಿನ ನೀರನ್ನು ಸವರುವ ವಾಡಿಕೆಯೂ ಇಲ್ಲಿದೆ. ಸವರಿ ಸ್ವಲ್ಪ ಹೊತ್ತಿನ ಮೇಲೆ ತೊಳೆದರೆ ತಂಪೇ ಹೊರತು ಕೇಡಿಲ್ಲ.

ಗಂಧೆ ಮೈಯ ಮೇಲೆ ಉಬ್ಬುಬ್ಬಾಗಿ ಎದ್ದು, ಕೆಲವು ಗಂಟೆಗಳಲ್ಲಿ ಒಂದು ಕಡೆ ಇಳಿದು ಮತ್ತೊಂದು ಕಡೆ ಏಳುತ್ತದೆ. ತಣ್ಣೀರಿನ ಬಟ್ಟೆ ನವೆಯನ್ನು ತಗ್ಗಿಸುತ್ತದೆ. ಆದರೆ ತುಟಿ, ನಾಲಗೆ, ಕಣ್ಣಿನ ರೆಪ್ಪೆ ಊದಿಕೊಂಡರೆ ಅಥವಾ ಉಸಿರು ಕಟ್ಟಿದಂತಾದರೆ ಯಾವ ಮನೆಮದ್ದನ್ನೂ ನೆನೆಯದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಹುಳುಕಡ್ಡಿ ಬಳೆಯಾಕಾರದಲ್ಲಿ ಅಂಚಿನ ಕಡೆಗೆ ಹರಡುತ್ತದೆ. ಹೆಸರಿನಲ್ಲಿ ಹುಳುವಿದ್ದರೂ ಇದು ಬೂಷ್ಟಿನ ಜಾತಿಯದು. ಗದ್ದೆಯ ಕೆಸರಿನಲ್ಲಿ ನಿಂತವರ ಕಾಲ್ಬೆರಳ ಸಂದಿಯ ಕೆಸರುಹುಣ್ಣೂ ಬಹುಮಟ್ಟಿಗೆ ಇದೇ ಕುಲ. 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟಿನ ನೀರು ಈ ಕಣಿವೆಗೆ ಬತ್ತವನ್ನು ಕೊಟ್ಟಿತು. ಬತ್ತದ ಜೊತೆಗೆ ಈ ಹುಣ್ಣೂ ಬಂದೇ ಬರುತ್ತದೆ. ಕಾಲನ್ನು ತೊಳೆದು ಬೆರಳಿನ ಸಂದಿಯನ್ನು ಪೂರ್ತಿ ಒಣಗಿಸುವುದು ಮೊದಲ ಚಿಕಿತ್ಸೆ. ಔಷಧದಂಗಡಿಯಲ್ಲಿ ಕೇಳಿ ತರುವ ಮುಲಾಮುಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ಎರಡು ದಿನ ಕೆಂಪು ಇಳಿಯುತ್ತದೆ. ಬೂಷ್ಟು ಒಳಗೊಳಗೇ ಹಬ್ಬುತ್ತದೆ. ಬಿಟ್ಟೊಡನೆ ಎರಡರಷ್ಟಾಗಿ ಮರಳುತ್ತದೆ. ಈ ಹಾವಳಿ ದೇಶದಾದ್ಯಂತ ಹೆಚ್ಚಿದುದರಿಂದಲೇ 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಮುಖ ಬೆಳ್ಳಗಾಗಲೆಂದು ಹೆಣ್ಣುಮಕ್ಕಳು ಇದನ್ನು ಹಚ್ಚಿಕೊಳ್ಳುವುದಂತೂ ಕೂಡದು.

ಕಜ್ಜಿಯ ನವೆ ರಾತ್ರಿ ಹೆಚ್ಚು. ಬೆರಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ಕಾಣುತ್ತದೆ. ಚರ್ಮದೊಳಗೆ ಬಿಲ ತೋಡುವ ಸಣ್ಣ ಕ್ರಿಮಿ ಇದಕ್ಕೆ ಕಾರಣ. ಒಬ್ಬರಿಗೆ ಮದ್ದು ಹಚ್ಚಿ ಉಳಿದವರನ್ನು ಬಿಟ್ಟರೆ ಅದು ಮನೆಯನ್ನು ಸುತ್ತುತ್ತಲೇ ಇರುತ್ತದೆ. ಮನೆಮಂದಿಯೆಲ್ಲ ಒಂದೇ ದಿನ ವೈದ್ಯರ ಮದ್ದು ಹಚ್ಚಿಕೊಂಡು, ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು.

ಇನ್ನು ಮುಟ್ಟಿದ್ದರಿಂದ ಬರುವ ಕೆಂಪು. ನಮ್ಮ ಸೀಮೆಯ ಕಸುಬುಗಳಲ್ಲಿ ಇದು ಬಹಳ. ದ್ರಾಕ್ಷಿಗೆ ಸಿಂಪಡಿಸುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣ ಸೇರಿದ್ದು. ಅದಲ್ಲದೆ ಬೇರೆ ಕೀಟನಾಶಕಗಳೂ ಎಲೆಯ ಮೇಲೆ ಕುಳಿತಿರುತ್ತವೆ. ನನ್ನ ಮಗನ ಕುತ್ತಿಗೆ ಮೊದಲು ಕೆಂಪಾದದ್ದಕ್ಕೆ ಅದೇ ಕಾರಣವಿರಬೇಕೆಂದು ವೈದ್ಯರು ಅಭಿಪ್ರಾಯಪಟ್ಟರು. ದಿಂಡಿಗಲ್ಲಿನಲ್ಲಿ ಚರ್ಮ ಹದಮಾಡುವವರಿಗೆ ಕ್ರೋಮಿಯಂ ಲವಣ. ಮನೆ ಕಟ್ಟುವವರಿಗೆ ಸಿಮೆಂಟು. ಮನೆಯಲ್ಲಿ ಪಾತ್ರೆ ಬೆಳಗುವವರಿಗೆ ಸೋಪಿನ ಪುಡಿ. ಬೀದಿಯ ಬದಿಯಲ್ಲಿ ಬೆಳೆಯುವ ಕಾಂಗ್ರೆಸ್ ಹುಲ್ಲಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. 1950ರ ದಶಕದಲ್ಲಿ ಪುಣೆಯ ಬಳಿ ಕಂಡುಬಂದ ಈ ಕಳೆ ಇಂದು ದೇಶವನ್ನೆಲ್ಲ ವ್ಯಾಪಿಸಿದೆ. ಅದರ ಧೂಳು ಗಾಳಿಯಲ್ಲಿ ತೇಲಿಬಂದು ರೆಪ್ಪೆ, ಕುತ್ತಿಗೆ, ಮೊಣಕೈಯ ಮಡಿಕೆಗಳನ್ನು ಕೆಂಪಾಗಿಸುತ್ತದೆ. ಅಂಟಿಸುವ ಬಿಂದಿಯ ಗೋಂದಿನಿಂದ ಹಣೆಯೂ, ಅಗ್ಗದ ಓಲೆಯ ನಿಕ್ಕಲ್ಲಿನಿಂದ ಕಿವಿಯೂ ಕೆಡುತ್ತವೆ. ಇಂಥ ಕಡೆ ಕಾರಣವನ್ನು ದೂರಮಾಡದೆ ಮದ್ದು ಹಚ್ಚುವುದು ತೂತಿನ ಕೊಡಕ್ಕೆ ನೀರು ತುಂಬಿದಂತೆ. ತೋಟದಿಂದ ಬಂದೊಡನೆ ಕೈಕಾಲು ಮುಖ ತೊಳೆದು, ತೋಟದ ಬಟ್ಟೆಯನ್ನು ಬೇರೆ ಒಗೆಯುವುದು ಹತ್ತು ಮದ್ದಿಗಿಂತ ಮೇಲು.

ಹಾಗಾದರೆ ಮನೆಮದ್ದಿಗೆ ಸ್ಥಾನವೇ ಇಲ್ಲವೆ? ಧಾರಾಳವಾಗಿ ಇದೆ. ಎಲ್ಲಕ್ಕಿಂತ ದೊಡ್ಡ ಮದ್ದು ತಣ್ಣೀರು. ನೆನೆಸಿದ ಶುಭ್ರವಾದ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಇಟ್ಟು ತೆಗೆಯುವುದು, ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡುವುದು, ಉರಿಯುವ ಚರ್ಮಕ್ಕೆ ಹಿತ. ಸುಟ್ಟಗಾಯಕ್ಕೂ ಇಪ್ಪತ್ತು ನಿಮಿಷ ಹರಿಯುವ ತಣ್ಣೀರೇ ಮೊದಲ ಚಿಕಿತ್ಸೆ.

ಎರಡನೆಯದು ಕೊಬ್ಬರಿ ಎಣ್ಣೆ. ಒಣಗಿ ಬಿರಿದು ಕೆಂಪಾದ ಚರ್ಮಕ್ಕೆ, ಮಗುವಿನ ಇಸಬಿಗೆ, ಸ್ನಾನವಾಗಿ ಮೈ ಇನ್ನೂ ಸ್ವಲ್ಪ ತೇವವಿರುವಾಗಲೇ ಹಚ್ಚಬೇಕು. ಫಿಲಿಪೈನ್ಸಿನಲ್ಲಿ ಇಸಬಿನ ಮಕ್ಕಳ ಮೇಲೆ ಎಂಟು ವಾರ ನಡೆಸಿ 2014ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಖನಿಜದ ಎಣ್ಣೆಗಿಂತ ಶುದ್ಧ ಕೊಬ್ಬರಿ ಎಣ್ಣೆಯೇ ಹೆಚ್ಚು ಗುಣಕಾರಿಯೆಂದು ಕಂಡಿತು. ನೀರೊಸರುವ ಗಾಯಕ್ಕೆ ಮಾತ್ರ ಎಣ್ಣೆ ಬೇಡ.

ಮೂರನೆಯದು ಆ ಲೋಳೆಸರ. ಅದನ್ನು ಬಳಸುವುದಕ್ಕೂ ಒಂದು ಕ್ರಮವಿದೆ. ಎಲೆಯನ್ನು ಕೊಯ್ದೊಡನೆ ಸಿಪ್ಪೆಯ ಅಡಿಯಿಂದ ಹಳದಿಯ ಕಹಿರಸ ಇಳಿಯುತ್ತದೆ. ಒಣಗಿಸಿದರೆ ಅದೇ ಕರಿಬೋಳ. ಆ ರಸ ಚರ್ಮವನ್ನು ಕೆರಳಿಸಬಹುದು. ಆದುದರಿಂದ ಎಲೆಯನ್ನು ನೆಟ್ಟಗೆ ನಿಲ್ಲಿಸಿ ಹಳದಿಯೆಲ್ಲ ಇಳಿದುಹೋದ ಮೇಲೆ, ಸಿಪ್ಪೆ ತೆಗೆದು, ಒಳಗಿನ ತಿಳಿಯಾದ ಲೋಳೆಯನ್ನು ತೊಳೆದು ಹಚ್ಚಬೇಕು. ಬಿಸಿಲಿನಿಂದ ಕೆಂಪಾದ ಮೈಗೆ ಅದು ತಂಪು.

ಅರಿಶಿನ, ಬೇವು, ಗಂಧಗಳನ್ನು ನಮ್ಮವರು ಬಹಳ ಕಾಲದಿಂದ ಬಳಸಿದ್ದಾರೆ. ಕೊಂಬನ್ನು ಕಲ್ಲಿನ ಮೇಲೆ ತೇದ ಅರಿಶಿನವೇ ಮೇಲು. ಅಂಗಡಿಯ ಪುಡಿಯಲ್ಲಿ ಬಣ್ಣದ ಕಲಬೆರಕೆ ಇರಬಹುದು. ಕೆಲವರ ಮೈಗೆ ಅರಿಶಿನವೂ ಬೇವೂ ಒಗ್ಗುವುದಿಲ್ಲ. ಯಾವುದನ್ನೇ ಆಗಲಿ ಮೊದಲು ಮುಂಗೈಯ ಒಳಭಾಗದಲ್ಲಿ ಒಂದು ಕಾಸಿನಷ್ಟು ಜಾಗಕ್ಕೆ ಹಚ್ಚಿ ಒಂದು ದಿನ ಕಾಯುವುದು ಜಾಣತನ.

ಹಚ್ಚಲೇಬಾರದವುಗಳನ್ನೂ ಹೇಳಿಬಿಡುತ್ತೇನೆ. ಸುಣ್ಣ ಬೇಡ, ಅದು ಸುಡುತ್ತದೆ. ಜಜ್ಜಿದ ಹಸಿ ಬೆಳ್ಳುಳ್ಳಿ ಬೇಡ, ಅದೂ ಬೊಕ್ಕೆ ಏಳಿಸುತ್ತದೆ. ನಿಂಬೆಯ ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಬೆಂದು ಕಪ್ಪಾಗುತ್ತದೆ. ಸೀಮೆ ಎಣ್ಣೆ, ಹಲ್ಲುಜ್ಜುವ ಪೇಸ್ಟು, ಶಾಯಿ ಬೇಡ. ತೆರೆದ ಗಾಯಕ್ಕೆ ಸಗಣಿ ಎಂದಿಗೂ ಬೇಡ, ಧನುರ್ವಾಯುವಿನ ಭಯವಿದೆ.

ಜ್ವರದೊಡನೆ ಕೆಂಪು ಹರಡಿದರೆ, ಕೀವಾದರೆ, ಹೊಸ ಮಾತ್ರೆ ನುಂಗಿದ ಮೇಲೆ ಬಾಯಿ ಕಣ್ಣುಗಳಲ್ಲಿ ಬೊಕ್ಕೆ ಎದ್ದರೆ, ಎಳೆಯ ಕೂಸಿಗೆ ಬಂದರೆ, ವಾರವಾದರೂ ಇಳಿಯದಿದ್ದರೆ ವೈದ್ಯರ ಬಳಿಗೆ ಹೋಗಬೇಕು. ಅಮ್ಮ ಬಂದ ಮನೆಗೆ ಬೇವಿನ ಸೊಪ್ಪು ಕಟ್ಟುವುದನ್ನು ಬೇಡವೆನ್ನೆನು. ಆದರೆ ಮಗುವನ್ನು ವೈದ್ಯರಿಗೆ ತೋರಿಸಿ. ಜ್ವರಕ್ಕೆ ಆಸ್ಪಿರಿನ್ ಮಾತ್ರೆಯನ್ನು ಮಾತ್ರ ಕೊಡಬೇಡಿ. ಇನ್ನೊಂದು ಮಾತು. ಕೆಂಪಾದ ಅಥವಾ ಬಣ್ಣ ಮಾಸಿದ ಮಚ್ಚೆಯಲ್ಲಿ ಮುಟ್ಟಿದರೆ ಅರಿವಾಗದಿದ್ದರೆ ನಾಚಿಕೊಂಡು ಮುಚ್ಚಿಡಬೇಡಿ. ಅದು ಕುಷ್ಠದ ಆರಂಭವಿರಬಹುದು. ಅದು ಪೂರ್ತಿ ಗುಣವಾಗುವ ರೋಗ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ.

ಕೊನೆಯದಾಗಿ ಒಂದು ಪ್ರಾರ್ಥನೆ. 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದವರಿಗೆ, ಗಾಯಕ್ಕೆ ಅರಿಶಿನ ಹಚ್ಚುವ ವಿಷಯದಲ್ಲಿ ಅಲ್ಲಿನ ಸರ್ಕಾರ ಪೇಟೆಂಟು ಕೊಟ್ಟಿತು. ನಮ್ಮ ಅಜ್ಜಿಯರೆಲ್ಲರಿಗೂ ತಿಳಿದಿದ್ದ ವಿಷಯವದು. ಆದರೆ ಅಜ್ಜಿಗೆ ತಿಳಿದಿತ್ತು ಎಂದರೆ ಅಲ್ಲಿ ಸಾಕ್ಷ್ಯವಾಗಲಿಲ್ಲ. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯವರು ಸಂಸ್ಕೃತ, ಉರ್ದು, ಹಿಂದಿಯ ಹಳೆಯ ಬರಹಗಳನ್ನು ಮುಂದಿಟ್ಟ ಮೇಲೆಯೇ 1997ರಲ್ಲಿ ಆ ಪೇಟೆಂಟು ರದ್ದಾಯಿತು. ಗೆಲ್ಲಿಸಿದ್ದು ಬರಹ.

ಬರೆದಿಡುವುದು ಕನ್ನಡಿಗರಿಗೆ ಹೊಸತಲ್ಲ. ಸುಮಾರು 1025ರಲ್ಲಿ ಚಾವುಂಡರಾಯನು ‘ಲೋಕೋಪಕಾರ’ವನ್ನು ಬರೆದು ಮನೆ, ಬಾವಿ, ತೋಟ, ಅಡುಗೆಗಳ ಜೊತೆಗೆ ಮದ್ದನ್ನೂ ಸೇರಿಸಿದನು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನೇ ಕಾವ್ಯವಾಗಿ ಹಾಡಿದನು. ಅಂಥವರ ಭಾಷೆಯನ್ನಾಡುವ ನಾವು ಒಂದು ಇನ್ನೂರು ಪುಟದ ನೋಟುಪುಸ್ತಕವನ್ನು ತುಂಬಲಾರೆವೆ? ಈ ವರ್ಷ ಪ್ರತಿಯೊಂದು ಮನೆಯ ಮಕ್ಕಳೂ ಅಜ್ಜಿಯ ಬಳಿ ಕುಳಿತು ಅವರು ಬಲ್ಲ ಮದ್ದುಗಳನ್ನು ಬರೆದುಕೊಳ್ಳಲಿ. ಗಿಡದ ಕನ್ನಡದ ಹೆಸರು, ಅದರ ಪಕ್ಕದಲ್ಲಿಯೇ ತಮಿಳಿನ ಹೆಸರು, ಒಂದು ಎಲೆಯ ಚಿತ್ರ, ಯಾವುದಕ್ಕೆ ಹಚ್ಚುವುದು, ಯಾವುದಕ್ಕೆ ಹಚ್ಚಬಾರದು, ಇಷ್ಟು ಸಾಕು. ಕನ್ನಡದ ಅಕ್ಷರ ಬಾರದ ಅಜ್ಜಿ ಹೇಳಲಿ. ಸಂಘದ ತರಗತಿಯಲ್ಲಿ ಅಕ್ಷರ ಕಲಿತ ಮೊಮ್ಮಗಳು ಬರೆಯಲಿ. ಬರೆದದ್ದನ್ನು ಒಮ್ಮೆ ವೈದ್ಯರಿಗೆ ಓದಿ ಹೇಳಿ, ಅವರು ಬೇಡವೆಂದದ್ದರ ಎದುರು ಹಾಗೆಂದು ಗುರುತು ಹಾಕಿಕೊಳ್ಳಿರಿ.

ನನ್ನ ಅಕ್ಕನ ಮನೆಯಲ್ಲಿ ಅಂಥ ಒಂದು ಪುಸ್ತಕ ಆರಂಭವಾಗಿದೆ. ಮೊದಲನೆಯ ಪುಟದಲ್ಲಿ ಲೋಳೆಸರದ ಚಿತ್ರವಿದೆ. ಎರಡನೆಯ ಪುಟದಲ್ಲಿ ಬೇಲಿಯ ಕತ್ತಾಳೆಯ ಚಿತ್ರವಿದೆ. ಅದರ ಕೆಳಗೆ ನನ್ನ ಮಗನೇ ತನ್ನ ಕೈಯಿಂದ, “ಇದನ್ನು ಹಚ್ಚಬಾರದು. ನಮ್ಮ ಅಪ್ಪ ಹಚ್ಚಿದ್ದರು” ಎಂದು ಬರೆದಿದ್ದಾನೆ. ವಿದ್ವಾನ್ ಪರೀಕ್ಷೆಯಲ್ಲಿ ನಾನು ಕಲಿಯದೆ ಬಿಟ್ಟ ಪಾಠವನ್ನು ಅಕ್ಕನ ಅತ್ತೆಯವರು ಕಲಿಸಿದರು.